ಸಂಕಟದಲ್ಲಿ ಮೂಡಿದ ಸ್ತುತಿ: ಸ್ವಾಮಿ ಸಮಂತಭದ್ರಾಚಾರ್ಯರ ಜೀವನ

ಜಿನಬಿಂಬದ ಪ್ರತಿಷ್ಠೆ ನೆರವೇರಿ, ತೋರಣಗಳು ಇಳಿದು, ದೂರದ ಊರುಗಳ ಶ್ರಾವಕ ಶ್ರಾವಿಕೆಯರು ಹಿಂದಿರುಗಿದ ಮೇಲೆ ಬಸದಿಯ ನಿತ್ಯದ ಬದುಕು ಆರಂಭವಾಗುತ್ತದೆ. ಆಗ ಅದರ ಬಾಗಿಲಿಗೆ ಬರುವವರಲ್ಲಿ ಸಂತೋಷವನ್ನು ಹೊತ್ತು ಬರುವವರಿಗಿಂತ ಸಂಕಟವನ್ನು ಹೊತ್ತು ಬರುವವರೇ ಹೆಚ್ಚು. ರೋಗದಿಂದ ನೊಂದವರು, ಸಾಲದಿಂದ ಕುಗ್ಗಿದವರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅಲ್ಲಿ ಬಂದು ಕೈಮುಗಿದು ನಿಲ್ಲುತ್ತಾರೆ. ಆದರೆ ಗರ್ಭಗೃಹದಲ್ಲಿ ಕುಳಿತಿರುವ ಸ್ವಾಮಿಯಾದರೋ ವೀತರಾಗನು. ಹೊಗಳಿದರೆ ಉಬ್ಬುವವನಲ್ಲ, ತೆಗಳಿದರೆ ಮುನಿಯುವವನಲ್ಲ. ಒಬ್ಬನ ಕರ್ಮವನ್ನು ಅಳಿಸಿ ಇನ್ನೊಬ್ಬನಿಗೆ ಬರೆಯುವವನೂ ಅಲ್ಲ. ಹಾಗಿದ್ದಲ್ಲಿ ಆತನ ಮುಂದೆ ನಿಂತು ನೊಂದ ಜೀವಿಯು ಏನು ಹೇಳಬೇಕು? ಏನನ್ನೂ ಕೊಡದ ದೇವನಲ್ಲಿ ಪ್ರಾರ್ಥನೆಗೆ ಏನು ಅರ್ಥ?

ಈ ಪ್ರಶ್ನೆಗೆ ಶಾಸ್ತ್ರವಾಕ್ಯಗಳಿಂದ ಉತ್ತರ ಕೊಡಬಹುದು. ಆದರೆ ಅದಕ್ಕೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟ ಮಹಾತ್ಮರೊಬ್ಬರು ನಮ್ಮ ದಕ್ಷಿಣ ದೇಶದಲ್ಲಿ ಆಗಿಹೋಗಿದ್ದಾರೆ. ಅವರೇ ಪ್ರಾತಃಸ್ಮರಣೀಯರಾದ ಸ್ವಾಮಿ ಸಮಂತಭದ್ರಾಚಾರ್ಯರು. ಕನ್ನಡದ ಜೈನ ಕವಿಗಳು ಕಾವ್ಯಾರಂಭದಲ್ಲಿ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದ ಎಂದು ಮೂವರನ್ನು ಒಟ್ಟಿಗೆ ಸ್ಮರಿಸುವ ವಾಡಿಕೆಯಿದೆ. ಆ ಮೂವರಲ್ಲಿ ಮೊದಲಿಗರು ಇವರು.

ಆಚಾರ್ಯರ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವುಂಟು. ಸಂಪ್ರದಾಯವು ಅವರನ್ನು ಕ್ರಿ.ಶ. 2ನೆಯ ಶತಮಾನದಲ್ಲಿ ಇರಿಸುತ್ತದೆ. ಅನೇಕ ಸಂಶೋಧಕರು ಅದಕ್ಕಿಂತ ಈಚಿನವರೆಂದು ಎಣಿಸುತ್ತಾರೆ. ಪೂಜ್ಯಪಾದರ ಜೈನೇಂದ್ರ ವ್ಯಾಕರಣದಲ್ಲಿ ಸಮಂತಭದ್ರರ ಹೆಸರಿನ ಉಲ್ಲೇಖವಿದೆ. ಶ್ರವಣಬೆಳಗೊಳದ ಗ್ರಂಥಭಂಡಾರವೊಂದರಲ್ಲಿ ದೊರೆತ ಆಪ್ತಮೀಮಾಂಸೆಯ ತಾಡವೋಲೆಯ ಪ್ರತಿಯ ಅಂತ್ಯವಾಕ್ಯವು ಅವರನ್ನು ಫಣಿಮಂಡಲದ ಉರಗಪುರದ ಅರಸನ ಮಗನೆಂದು ಹೇಳುತ್ತದೆ. ಅವರ ಸ್ತುತಿವಿದ್ಯೆಯೆಂಬ ಚಿತ್ರಕಾವ್ಯದ ಕೊನೆಯ ಚಕ್ರಬಂಧದಲ್ಲಿ ಶಾಂತಿವರ್ಮನೆಂಬ ಹೆಸರು ಅಡಗಿದೆ. ಅದೇ ಅವರ ಪೂರ್ವಾಶ್ರಮದ ಹೆಸರೆಂದು ಊಹಿಸಲಾಗಿದೆ. ಹೀಗೆ ಕ್ಷತ್ರಿಯ ಕುಲದಲ್ಲಿ ಹುಟ್ಟಿ, ಅರಮನೆಯ ಭೋಗವನ್ನು ತೊರೆದು, ನಿರ್ಗ್ರಂಥ ದೀಕ್ಷೆಯನ್ನು ಕೈಕೊಂಡವರು ಅವರು.

ದೀಕ್ಷೆಯ ನಂತರ ಅವರು ತರ್ಕ, ವ್ಯಾಕರಣ, ಛಂದಸ್ಸು, ಕಾವ್ಯ, ಆಗಮಗಳಲ್ಲಿ ಅಸಾಧಾರಣ ಪಾಂಡಿತ್ಯವನ್ನು ಪಡೆದರು. ಆದಿಪುರಾಣವನ್ನು ಬರೆದ ಜಿನಸೇನಾಚಾರ್ಯರು ಕವಿಗಳು, ಗಮಕಿಗಳು, ವಾದಿಗಳು, ವಾಗ್ಮಿಗಳು ಎಂಬ ನಾಲ್ಕು ವರ್ಗದವರ ತಲೆಯ ಮೇಲೂ ಸಮಂತಭದ್ರರ ಯಶಸ್ಸು ಚೂಡಾಮಣಿಯಂತೆ ಶೋಭಿಸುತ್ತದೆಂದು ಕೊಂಡಾಡಿದ್ದಾರೆ. ಇಂಥ ವಿದ್ವತ್ತಿನ ಜೊತೆಗೆ ಅವರ ಚಾರಿತ್ರವೂ ನಿರ್ದೋಷವಾಗಿತ್ತು. ದೇಹವನ್ನು ಧರ್ಮಸಾಧನೆಯ ಉಪಕರಣವೆಂದಷ್ಟೇ ಬಗೆದು, ಇಪ್ಪತ್ತೆಂಟು ಮೂಲಗುಣಗಳನ್ನು ಲೋಪವಿಲ್ಲದೆ ಪಾಲಿಸುತ್ತ ಅವರು ವಿಹರಿಸುತ್ತಿದ್ದರು.

ಅಂಥವರಿಗೆ ರೋಗ ಬಂದಿತು. ಕನ್ನಡದ ರಾಜಾವಳಿ ಕಥೆಯ ಪ್ರಕಾರ ಅವರು ಮಣುವಕಹಳ್ಳಿಯೆಂಬ ಗ್ರಾಮದಲ್ಲಿದ್ದಾಗ ಅಸಾತಾವೇದನೀಯ ಕರ್ಮದ ತೀವ್ರ ಉದಯದಿಂದ ಭಸ್ಮಕವೆಂಬ ವ್ಯಾಧಿ ತಲೆದೋರಿತು. ಆಯುರ್ವೇದವು ಈ ರೋಗವನ್ನು ವಿವರಿಸುವ ಬಗೆ ಹೀಗೆ: ಕಫವು ಕ್ಷೀಣಿಸಿ ವಾತಪಿತ್ತಗಳು ಪ್ರಬಲವಾದಾಗ ಜಠರಾಗ್ನಿಯು ಮಿತಿಮೀರಿ ಉರಿಯುತ್ತದೆ. ಉಂಡ ಅನ್ನವು ಕ್ಷಣದಲ್ಲಿ ಭಸ್ಮವಾಗುತ್ತದೆ. ಅನ್ನ ಸಿಗದಿದ್ದರೆ ಆ ಬೆಂಕಿಯು ದೇಹದ ಧಾತುಗಳನ್ನೇ ಸುಡತೊಡಗುತ್ತದೆ. ಇದಕ್ಕೆ ಚಿಕಿತ್ಸೆಯೆಂದರೆ ಜಡವಾದ, ಜಿಡ್ಡಿನಿಂದ ಕೂಡಿದ, ಸಿಹಿಯಾದ ಆಹಾರವನ್ನು ಹೇರಳವಾಗಿ ಉಣ್ಣುವುದು.

ಸಂಕಟದ ತಿರುಳು ಇರುವುದು ಇಲ್ಲಿಯೇ. ದಿಗಂಬರ ಮುನಿಗೆ ದಿನಕ್ಕೆ ಒಂದೇ ಆಹಾರ. ಅದನ್ನು ನಿಂತುಕೊಂಡು, ಅಂಗೈಯಲ್ಲಿ, ಶ್ರಾವಕರು ಭಕ್ತಿಯಿಂದ ಕೊಟ್ಟಷ್ಟನ್ನು ಮಾತ್ರ, ಅದೂ ಅಂತರಾಯ ಬಾರದಿದ್ದರೆ, ಸ್ವೀಕರಿಸಬೇಕು. ಹೆಚ್ಚು ಬೇಕೆಂದು ಕೇಳುವಂತಿಲ್ಲ. ಇಂಥದು ಬೇಕೆಂದು ಸೂಚಿಸುವಂತೆಯೂ ಇಲ್ಲ. ಔಷಧವು ಅನ್ನವೇ ಆಗಿರುವಲ್ಲಿ, ವ್ರತವು ಆ ಅನ್ನಕ್ಕೆ ಎಲ್ಲೆಯಾಗಿತ್ತು. ಆಚಾರ್ಯರು ಮೊದಲು ಸಹಿಸಿದರು. ಕ್ಷುಧಾಪರೀಷಹವು ಮುನಿಗೆ ಹೊಸದಲ್ಲ. ಆದರೆ ದಿನದಿನಕ್ಕೆ ಶರೀರವು ಶಿಥಿಲವಾಗಿ, ಸಾಮಾಯಿಕ, ಪ್ರತಿಕ್ರಮಣ, ಸ್ವಾಧ್ಯಾಯಗಳಿಗೂ ಬಲವಿಲ್ಲದಂತಾಯಿತು.

ಅವರು ತಮ್ಮ ಸ್ಥಿತಿಯನ್ನು ಗುರುಗಳಿಂದ ಮರೆಮಾಚಲಿಲ್ಲ. ಪಂಡಿತರೆಂಬ ಕೀರ್ತಿಯಾಗಲಿ, ತಪಸ್ವಿಗಳೆಂಬ ಗೌರವವಾಗಲಿ ಅವರ ಬಾಯಿಯನ್ನು ಕಟ್ಟಲಿಲ್ಲ. ಗುರುಗಳ ಸನ್ನಿಧಿಗೆ ಹೋಗಿ ವ್ಯಾಧಿಯ ಉಲ್ಬಣವನ್ನು ಇದ್ದುದಿದ್ದಂತೆ ನಿವೇದಿಸಿ, ವ್ರತಭಂಗಕ್ಕಿಂತ ದೇಹತ್ಯಾಗವೇ ಲೇಸೆಂದು ತಿಳಿಸಿ, ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಶಿಷ್ಯನಿಗೆ ಇನ್ನೂ ಆಯುಷ್ಯವಿದೆ, ಅವನಿಂದ ಧರ್ಮದ ಮಹಾಪ್ರಭಾವನೆಯಾಗಲಿದೆ ಎಂದು ಅವರು ತಮ್ಮ ಜ್ಞಾನದಿಂದ ಅರಿತರು. ಆದ್ದರಿಂದ ಮುನಿವೇಷವನ್ನು ಸದ್ಯಕ್ಕೆ ಬಿಟ್ಟು, ಎಲ್ಲಿ ಹೇಗೆ ಸಾಧ್ಯವೋ ಹಾಗೆ ಆಹಾರ ಪಡೆದು ರೋಗವನ್ನು ಶಮನ ಮಾಡಿಕೊಂಡು, ಬಳಿಕ ಪ್ರಾಯಶ್ಚಿತ್ತಪೂರ್ವಕವಾಗಿ ಪುನಃ ದೀಕ್ಷೆಯನ್ನು ತಳೆಯಬೇಕೆಂದು ಆಜ್ಞಾಪಿಸಿದರು.

ಈ ಆಜ್ಞೆಯ ಔಚಿತ್ಯವನ್ನು ಸಮಂತಭದ್ರರದೇ ಗ್ರಂಥದಿಂದ ತಿಳಿಯಬಹುದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಸಲ್ಲೇಖನದ ಲಕ್ಷಣವನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಿಗೆ ಪ್ರತೀಕಾರವೇ ಇಲ್ಲವೆಂದಾಗ ಮಾತ್ರ ಧರ್ಮಕ್ಕಾಗಿ ದೇಹವನ್ನು ಬಿಡಬೇಕೆಂದು ವಿಧಿಸುತ್ತಾರೆ. ಭಸ್ಮಕಕ್ಕೆ ಪ್ರತೀಕಾರವಿತ್ತು. ಅದೇ ಗ್ರಂಥದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಸ್ಥಿತೀಕರಣವನ್ನು, ಅಂದರೆ ದರ್ಶನ ಚಾರಿತ್ರಗಳಿಂದ ಜಾರುವವರನ್ನು ಧರ್ಮವತ್ಸಲರು ಮತ್ತೆ ನೆಲೆಗೊಳಿಸುವುದನ್ನು, ಅವರು ವಿವರಿಸಿದ್ದಾರೆ. ಜಾರುವವನ ಪಾಡು ಏನೆಂಬುದನ್ನು ತಮ್ಮ ಮೈಯಲ್ಲಿಯೇ ಕಂಡಿದ್ದ ಗ್ರಂಥಕಾರರಿಂದ ಬಂದ ಮಾತೆಂದು ಭಾವಿಸಿ ಓದಿದಾಗ ಆ ಲಕ್ಷಣವು ನಮಗೆ ಇನ್ನಷ್ಟು ಹತ್ತಿರವಾಗುತ್ತದೆ.

ಗುರ್ವಾಜ್ಞೆಯನ್ನು ಶಿರಸಾವಹಿಸಿ ಸಮಂತಭದ್ರರು ಪಿಂಛಿ ಕಮಂಡಲುಗಳನ್ನು ಕೆಳಗಿಟ್ಟರು. ಹೊರಗೆ ವೇಷ ಬದಲಾಯಿತು. ಒಳಗಿನ ಶ್ರದ್ಧೆ ಕದಲಲಿಲ್ಲ. ಪುಂಡ್ರದೇಶದಲ್ಲಿ ಬೌದ್ಧ ಭಿಕ್ಷುವಾಗಿ, ದಶಪುರದಲ್ಲಿ ಪರಿವ್ರಾಜಕನಾಗಿ, ವಾರಾಣಸಿಯಲ್ಲಿ ಭಸ್ಮಧವಳನಾದ ಶೈವ ತಪಸ್ವಿಯಾಗಿ ಅವರು ಅಲೆದರೆಂದು ಒಂದು ಪ್ರಾಚೀನ ಶ್ಲೋಕವು ಹೇಳುತ್ತದೆ. ಮುಂದಿನ ಘಟನೆಯು ನಡೆದ ಸ್ಥಳವನ್ನು ಪ್ರಭಾಚಂದ್ರ, ನೇಮಿದತ್ತರ ಕಥಾಕೋಶಗಳು ವಾರಾಣಸಿಯೆಂದೂ, 19ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಚಂದ್ರನು ಬರೆದ ರಾಜಾವಳಿ ಕಥೆಯು ಕಾಂಚಿಯೆಂದೂ ಹೇಳುತ್ತವೆ. ಅರಸನ ಹೆಸರು ಶಿವಕೋಟಿ.

ಶಿವಕೋಟಿಯ ದೇವಾಲಯದಲ್ಲಿ ಪ್ರತಿದಿನವೂ ಅಪಾರವಾದ ನೈವೇದ್ಯವು ಸಲ್ಲುತ್ತಿತ್ತು. ರಾಜಾವಳಿ ಕಥೆಯ ಪ್ರಕಾರ ಹನ್ನೆರಡು ಖಂಡುಗ ಅಕ್ಕಿಯ ಅನ್ನ. ಅದನ್ನು ದೇವರೇ ಸ್ವೀಕರಿಸುವಂತೆ ಮಾಡುವೆನೆಂದು ಅರಸನಿಗೆ ತಿಳಿಸಿ, ಸಮಂತಭದ್ರರು ಬಾಗಿಲನ್ನು ಮುಚ್ಚಿ ಆ ಅನ್ನವನ್ನೆಲ್ಲ ತಾವೇ ಉಂಡರು. ಒಳಗಿನ ಬೆಂಕಿ ತಣಿಯತೊಡಗಿತು. ದಿನ ಕಳೆದಂತೆ ಹಸಿವು ಇಳಿಯಿತು. ಹಸಿವು ಇಳಿದಂತೆ ಪಾತ್ರೆಯಲ್ಲಿ ಅನ್ನ ಉಳಿಯಿತು. ಉಳಿದ ಅನ್ನವೇ ಗುಟ್ಟನ್ನು ಹೊರಗೆಡಹಿತು. ಅರಸನಿಗೆ ಸಂಶಯ ಮೂಡಿ, ನಿಜಸಂಗತಿಯು ತಿಳಿದು, ಕೋಪಗೊಂಡು, ದೇವಾಲಯವನ್ನು ಸೈನಿಕರಿಂದ ಸುತ್ತುವರಿಸಿದನು. ಅಲ್ಲಿಯ ಲಿಂಗಕ್ಕೆ ನಮಸ್ಕರಿಸಬೇಕೆಂದು ಆಜ್ಞೆಯಾಯಿತು.

ಈ ಸ್ಥಳದಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಸ್ವಯಂಭೂಸ್ತೋತ್ರದ ಪಠನದಿಂದ ಸಮಂತಭದ್ರರ ರೋಗವು ಗುಣವಾಯಿತೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಕಥೆಯು ಹಾಗೆ ಹೇಳುವುದಿಲ್ಲ. ರೋಗವು ತಕ್ಕ ಆಹಾರದಿಂದ, ತಕ್ಕ ಕಾಲದಲ್ಲಿ, ಕರ್ಮದ ಉದಯವು ಮಂದವಾದಾಗ ಶಮನವಾಗಿತ್ತು. ಸ್ತೋತ್ರವು ಹುಟ್ಟಿದ್ದು ಆಮೇಲೆ. ರೋಗಕ್ಕೆ ಅವರು ಮದ್ದನ್ನು ಅರಸಿದರು. ಜಿನೇಶ್ವರನನ್ನು ಮದ್ದಿನ ಅಂಗಡಿಯನ್ನಾಗಿ ಮಾಡಲಿಲ್ಲ. ಎಷ್ಟೋ ದಿನಗಳ ಹಸಿವಿನಲ್ಲಿ, ಪರವೇಷದ ಅವಮಾನದಲ್ಲಿ, ಹಸಿವನ್ನು ಕಳೆಯೆಂದು ಅವರು ಯಾವ ದೇವರನ್ನೂ ಬೇಡಿದರೆಂದು ಯಾವ ಕಥೆಯೂ ಹೇಳಿಲ್ಲ.

ಈಗ ಎದುರಾದುದು ಬೇರೊಂದು ಸಂಕಟ. ರೋಗದಲ್ಲಿ ಹೋಗಬಹುದಾಗಿದ್ದುದು ಪ್ರಾಣ ಮಾತ್ರ. ಇಲ್ಲಿ ಪ್ರಾಣವನ್ನು ಉಳಿಸಿಕೊಂಡರೆ ಶ್ರದ್ಧೆ ಹೋಗುವಂತಿತ್ತು. ವೇಷವನ್ನು ಬಿಟ್ಟವರು ನಮಸ್ಕಾರವೊಂದನ್ನು ಮಾಡಿಬಿಡಬಹುದಿತ್ತಲ್ಲವೇ? ಆದರೆ ಭಯ, ಆಸೆ, ಸ್ನೇಹ, ಲೋಭ ಇವುಗಳಿಂದ ಪ್ರೇರಿತನಾಗಿ ಶುದ್ಧದೃಷ್ಟಿಯುಳ್ಳವನು ತಲೆಬಾಗಬಾರದೆಂದು ಶ್ರಾವಕರಿಗೆ ವಿಧಿಸಿದವರು ಅವರೇ. ಇನ್ನೊಬ್ಬರ ಆರಾಧನೆಯನ್ನು ಹಳಿಯುವುದು ಇದರ ಅರ್ಥವಲ್ಲ. ಒಳಗೆ ಒಪ್ಪದ ನಮಸ್ಕಾರವನ್ನು ಹೊರಗೆ ಮಾಡುವುದು ಆ ದೇವರಿಗೂ ವಂಚನೆ, ತನಗೂ ವಂಚನೆ. ಸಮಂತಭದ್ರರು ವೇಷವನ್ನು ಅಲ್ಲಿಗೆ ಕೊನೆಗಾಣಿಸಿದರು. ತಾನು ಜೈನ ನಿರ್ಗ್ರಂಥವಾದಿಯೆಂದು ಅರಸನೆದುರಿಗೆ ಸ್ಪಷ್ಟವಾಗಿ ಸಾರಿದರು. ತನ್ನ ನಮಸ್ಕಾರವು ವೀತರಾಗನಿಗೆ ಮಾತ್ರ ಸಲ್ಲುವುದೆಂದೂ, ಈ ಲಿಂಗವು ಅದನ್ನು ತಾಳಲಾರದೆಂದೂ ತಿಳಿಸಿದರು. ಸುಳ್ಳಿನ ಹೊದಿಕೆಯನ್ನು ಕಳಚಿದ ಮೇಲೆಯೇ ಅವರ ಬಾಯಿಂದ ಸ್ತುತಿ ಹೊರಟಿತು. ಪ್ರಾಮಾಣಿಕವಾದ ಪ್ರಾರ್ಥನೆಗೆ ಇದೇ ಮೊದಲ ಮೆಟ್ಟಿಲು.

ಸುತ್ತಲೂ ಆಯುಧಪಾಣಿಗಳಾದ ಭಟರು ನಿಂತಿರಲು ಸಮಂತಭದ್ರರು ಆದಿ ತೀರ್ಥಂಕರರಿಂದ ತೊಡಗಿ ಒಬ್ಬೊಬ್ಬರನ್ನಾಗಿ ಸ್ತುತಿಸತೊಡಗಿದರು. ಮೂರನೆಯವರಾದ ಸಂಭವನಾಥರನ್ನು ಸ್ತುತಿಸುವಾಗ, ತೃಷ್ಣೆಯೆಂಬ ರೋಗದಿಂದ ಬೇಯುತ್ತಿರುವ ಲೋಕಕ್ಕೆ ಪ್ರತಿಫಲ ಬಯಸದೆ ಒದಗಿದ ವೈದ್ಯನೆಂದು ಅವರನ್ನು ಕರೆದರು. ಹಸಿವಿನ ಬೆಂಕಿಯನ್ನು ಕಂಡು ಬಂದವರಿಗೆ ಅದಕ್ಕಿಂತ ದೊಡ್ಡದಾದ ಬೆಂಕಿ ಯಾವುದೆಂಬುದು ತಿಳಿದಿತ್ತು. ಏಳನೆಯವರಾದ ಸುಪಾರ್ಶ್ವನಾಥರನ್ನು ಸ್ತುತಿಸುವಾಗ, ಎಂದಿಗೂ ಅಳಿಯದ ಆತ್ಮಸ್ವಾಸ್ಥ್ಯವೇ ಜೀವನ ನಿಜವಾದ ಹಿತವೆಂದೂ, ಕ್ಷಣಭಂಗುರವಾದ ಭೋಗವು ತೃಷೆಯನ್ನು ಬೆಳೆಸುವುದಲ್ಲದೆ ತಾಪವನ್ನು ಕಳೆಯಲಾರದೆಂದೂ ಹೇಳಿದರು. ಹನ್ನೆರಡು ಖಂಡುಗದ ಅನ್ನವನ್ನು ಉಂಡು ಬದುಕಿದವರ ಮಾತಿದು. ದೇಹದ ಆರೋಗ್ಯವನ್ನು ಮರಳಿ ಪಡೆದ ದಿನಗಳಲ್ಲಿಯೇ, ಅದು ನಿಜವಾದ ಆರೋಗ್ಯವಲ್ಲವೆಂಬ ಅರಿವು ಅವರಲ್ಲಿ ಎಚ್ಚರವಾಗಿತ್ತು.

ಎಂಟನೆಯವರಾದ ಚಂದ್ರಪ್ರಭ ಸ್ವಾಮಿಯ ಸ್ತುತಿಯು ಬಂದಾಗ ಲಿಂಗವು ಸೀಳಿ, ಅದರೊಳಗಿನಿಂದ ಚಂದ್ರಪ್ರಭರ ಬಿಂಬವು ಪ್ರಕಟವಾಯಿತೆಂದು ಕಥೆಗಳು ಏಕಕಂಠದಿಂದ ಹೇಳುತ್ತವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲಿರುವ ಮಲ್ಲಿಷೇಣ ಪ್ರಶಸ್ತಿಯು ಶಕವರ್ಷ 1050ರದು, ಅಂದರೆ ಕ್ರಿ.ಶ. 1129ರದು. ಅದರಲ್ಲಿಯೂ ಭಸ್ಮಕವನ್ನು ಭಸ್ಮ ಮಾಡಿದವರು, ಪದ್ಮಾವತೀ ದೇವಿಯಿಂದ ಉನ್ನತ ಪದವಿಯನ್ನು ಪಡೆದವರು, ತಮ್ಮ ಮಂತ್ರವಚನದಿಂದ ಚಂದ್ರಪ್ರಭರನ್ನು ಬರಮಾಡಿದವರು ಎಂದು ಸಮಂತಭದ್ರರು ವರ್ಣಿತರಾಗಿದ್ದಾರೆ. ಮಲ್ಲಿಷೇಣ ಮಲಧಾರಿದೇವರ ಸಲ್ಲೇಖನದ ಸ್ಮಾರಕವಾದ ಆ ಕಂಬದ ಮೇಲೆ, ಸಲ್ಲೇಖನಕ್ಕೆ ಅನುಮತಿ ದೊರೆಯದೆ ಬದುಕಬೇಕಾಗಿ ಬಂದ ಆಚಾರ್ಯರ ಮಹಿಮೆಯೂ ಕೆತ್ತಲ್ಪಟ್ಟಿರುವುದು ಅರ್ಥಪೂರ್ಣವಾಗಿದೆ. ಸಾವನ್ನು ಧೈರ್ಯದಿಂದ ಬರಮಾಡಿಕೊಳ್ಳುವುದೂ ಧರ್ಮ. ಬದುಕಬೇಕಾದಾಗ ಧೈರ್ಯದಿಂದ ಬದುಕುವುದೂ ಧರ್ಮ.

ಜನಸಾಮಾನ್ಯರು ಈ ಕಥೆಯನ್ನು ಬಿಂಬವು ಪ್ರಕಟವಾದಲ್ಲಿಗೆ ನಿಲ್ಲಿಸುತ್ತಾರೆ. ಸಮಂತಭದ್ರರು ನಿಲ್ಲಿಸಲಿಲ್ಲ. ಅರಸನು ಬೆರಗಾಗಿ ತಮ್ಮನಾದ ಶಿವಾಯನನೊಡನೆ ಕಾಲಿಗೆ ಬಿದ್ದರೂ, ಪ್ರಾಣಭಯವು ಕಳೆದುಹೋಗಿದ್ದರೂ, ಇನ್ನೂ ಹದಿನಾರು ತೀರ್ಥಂಕರರ ಸ್ತುತಿಯು ಉಳಿದಿತ್ತು. ವರ್ಧಮಾನ ಸ್ವಾಮಿಯವರೆಗೆ ಅದನ್ನು ಪೂರೈಸಿದ ನಂತರವೇ ಅವರು ಅರಸನತ್ತ ತಿರುಗಿ ಹರಸಿದರೆಂದು ರಾಜಾವಳಿ ಕಥೆಯು ಹೇಳುತ್ತದೆ. ಫಲಕ್ಕಾಗಿ ಪ್ರಾರ್ಥಿಸುವವನು ಫಲ ದೊರೆತೊಡನೆ ಏಳುತ್ತಾನೆ. ಸಮಂತಭದ್ರರು ಏಳದೆ ಇದ್ದುದೇ ಅವರ ಪ್ರಾರ್ಥನೆಯು ಎಂತಹುದೆಂಬುದಕ್ಕೆ ಸಾಕ್ಷಿ.

ಆ ಉಳಿದ ಭಾಗದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಹನ್ನೆರಡನೆಯವರಾದ ವಾಸುಪೂಜ್ಯರ ಸ್ತುತಿಯಲ್ಲಿ ಅವರು ವೀತರಾಗನಿಗೆ ನಮ್ಮ ಪೂಜೆಯಿಂದ ಆಗಬೇಕಾದುದೇನೂ ಇಲ್ಲವೆಂದೂ, ವೈರವನ್ನು ಕಳೆದವನಿಗೆ ನಿಂದೆಯಿಂದ ಆಗುವುದೂ ಏನಿಲ್ಲವೆಂದೂ, ಆದರೂ ಆತನ ಪುಣ್ಯಗುಣಗಳ ಸ್ಮರಣೆಯು ನಮ್ಮ ಚಿತ್ತವನ್ನು ಪಾಪದ ಕೊಳೆಯಿಂದ ತೊಳೆಯುತ್ತದೆಂದೂ ತಿಳಿಸುತ್ತಾರೆ. ಹದಿನಾರನೆಯವರಾದ ಶಾಂತಿನಾಥರ ಸ್ತುತಿಯಲ್ಲಿ, ತನ್ನ ದೋಷಗಳನ್ನು ಶಾಂತಗೊಳಿಸಿ ತಾನು ಶಾಂತಿಯನ್ನು ಪಡೆದುದರಿಂದಲೇ ಆ ಸ್ವಾಮಿಯು ಶರಣಾದವರಿಗೆ ಶಾಂತಿಯನ್ನು ಉಂಟುಮಾಡುವನೆಂದು ಹೇಳುತ್ತಾರೆ. ಕಣ್ಣೆದುರಿಗೆ ಅತಿಶಯವು ನಡೆದಾಗಲೂ, ದೇವರು ನನ್ನ ಪೂಜೆಗೆ ಒಲಿದು ಇದನ್ನು ಮಾಡಿದನೆಂದು ಅವರು ಭಾವಿಸಲಿಲ್ಲ. ತತ್ತ್ವವನ್ನು ಉಪಕಾರದ ಆವೇಶದಲ್ಲಿ ಮರೆಯದಿರುವುದು ಎಂಥ ಸತ್ಯನಿಷ್ಠೆ!

ಅತಿಶಯಗಳ ವಿಷಯದಲ್ಲಿ ಅವರ ನಿಲುವು ಆಪ್ತಮೀಮಾಂಸೆಯಲ್ಲಿ ಇನ್ನೂ ಸ್ಪಷ್ಟವಾಗಿದೆ. 114 ಕಾರಿಕೆಗಳ ಆ ಗ್ರಂಥವು ದೇವಾಗಮ ಸ್ತೋತ್ರವೆಂದೂ ಪ್ರಸಿದ್ಧವಾಗಿದೆ. ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು ಮುಂತಾದ ವೈಭವಗಳು ಮಾಯಾವಿಗಳಲ್ಲಿಯೂ ಕಂಡುಬರುವುದರಿಂದ, ಅವುಗಳಿಂದ ಜಿನನು ತನಗೆ ಮಹಾತ್ಮನೆನಿಸುವುದಿಲ್ಲವೆಂದು ಅದರ ಮೊದಲನೆಯ ಕಾರಿಕೆಯಲ್ಲಿಯೇ ಆಚಾರ್ಯರು ಧೈರ್ಯದಿಂದ ಹೇಳಿಬಿಡುತ್ತಾರೆ. ದೋಷಗಳ ಸಂಪೂರ್ಣ ಕ್ಷಯ, ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗದ ವಚನ, ಇವುಗಳಿಂದಲೇ ಆಪ್ತನನ್ನು ಗುರುತಿಸಬೇಕೆಂಬುದು ಅವರ ಸಿದ್ಧಾಂತ. ಅತಿಶಯದ ಕಥೆಯಿಂದ ಮನೆಮಾತಾದ ಮಹಾತ್ಮರೇ ಅತಿಶಯವು ಪ್ರಮಾಣವಲ್ಲವೆಂದು ಸಾರಿದ್ದಾರೆ. ತನ್ನ ದೇವರ ಮುಂದೆಯೇ ನಿಂತು ಹೀಗೆ ನಿರ್ಭಯವಾಗಿ ಮಾತನಾಡಬಲ್ಲ ಭಕ್ತಿಯೇ ವಿಶ್ವಾಸದ ಭಕ್ತಿ. ಅಂಜುವವನು ಹೊಗಳುತ್ತಾನೆ, ನಂಬಿದವನು ಪರೀಕ್ಷಿಸಿ ತಲೆಬಾಗುತ್ತಾನೆ.

ಶಿವಕೋಟಿಯು ರಾಜ್ಯವನ್ನು ತ್ಯಜಿಸಿ ಜಿನದೀಕ್ಷೆಯನ್ನು ಪಡೆದನು. ಸಮಂತಭದ್ರರು ಗುರುಗಳ ಆಜ್ಞೆಯಂತೆ ಪ್ರಾಯಶ್ಚಿತ್ತವನ್ನು ಕೈಕೊಂಡು ಮುನಿಪದವಿಯಲ್ಲಿ ಪುನಃ ನೆಲೆಗೊಂಡರು. ಬಳಿಕ ಅವರು ವಾದಿಸಿಂಹರಾಗಿ ಭರತಖಂಡವನ್ನೆಲ್ಲ ಸಂಚರಿಸಿದರು. ಪಾಟಲಿಪುತ್ರ, ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶಾ ದೇಶಗಳಲ್ಲಿ ವಾದಭೇರಿಯನ್ನು ಬಾರಿಸಿ, ವಿದ್ವಾಂಸರಿಂದ ತುಂಬಿದ ಕರಹಾಟಕಕ್ಕೆ, ಅಂದರೆ ಇಂದು ಮಹಾರಾಷ್ಟ್ರದಲ್ಲಿರುವ ಕರಾಡಕ್ಕೆ, ಅವರು ಬಂದುದನ್ನು ಮಲ್ಲಿಷೇಣ ಪ್ರಶಸ್ತಿಯೇ ತಿಳಿಸುತ್ತದೆ. ಆಪ್ತಮೀಮಾಂಸೆ, ಯುಕ್ತ್ಯನುಶಾಸನ, 143 ಪದ್ಯಗಳ ಸ್ವಯಂಭೂಸ್ತೋತ್ರ, ಸ್ತುತಿವಿದ್ಯೆ, ರತ್ನಕರಂಡಕ ಶ್ರಾವಕಾಚಾರ ಇವು ಇಂದು ನಮಗೆ ಉಳಿದಿರುವ ಅವರ ಕೃತಿರತ್ನಗಳು. ಆಪ್ತಮೀಮಾಂಸೆಗೆ ಅಕಲಂಕದೇವರು ಅಷ್ಟಶತಿಯನ್ನೂ, ಅದನ್ನು ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು. ಹೀಗೆ ಜೈನ ನ್ಯಾಯದ ಮಹಾವೃಕ್ಷವು ಅವರ ಕಾರಿಕೆಗಳೆಂಬ ಬೀಜದಿಂದ ಬೆಳೆಯಿತು. ಅಂದು ಗುರುಗಳು ಶಿಷ್ಯನ ಕಣ್ಣೀರಿಗೆ ಮಣಿದು ಸಲ್ಲೇಖನಕ್ಕೆ ಅನುಮತಿ ಕೊಟ್ಟಿದ್ದರೆ ಇವುಗಳಲ್ಲಿ ಎಷ್ಟು ನಮ್ಮ ಕೈಗೆ ಬರುತ್ತಿದ್ದವು? ಬೇಡಿದುದು ದೊರೆಯದಿರುವುದೂ ಒಮ್ಮೊಮ್ಮೆ ಲೋಕಕ್ಕೆ ಮಹೋಪಕಾರವಾಗುತ್ತದೆ.

ಭವ್ಯ ಶ್ರಾವಕ ಶ್ರಾವಿಕೆಯರು ಈ ಜೀವನದಿಂದ ಗ್ರಹಿಸಬೇಕಾದುದು ಇಷ್ಟು. ಕಷ್ಟವು ಬಂದಾಗ ಅದನ್ನು ಮರೆಮಾಡಬಾರದು. ಗುರುಗಳಲ್ಲಿ, ಹಿರಿಯರಲ್ಲಿ, ವೈದ್ಯರಲ್ಲಿ ಇದ್ದುದನ್ನು ಇದ್ದಂತೆ ಹೇಳಿಕೊಳ್ಳಬೇಕು. ಪ್ರತೀಕಾರವುಳ್ಳ ರೋಗಕ್ಕೆ ಪ್ರತೀಕಾರವನ್ನು ಮಾಡಿಕೊಳ್ಳುವುದು ಅಶ್ರದ್ಧೆಯಲ್ಲ. ಸಹಧರ್ಮಿಯೊಬ್ಬನು ಸಂಕಟದಲ್ಲಿ ಜಾರಿದರೆ ಅವನನ್ನು ದೂಷಿಸದೆ ಕೈಹಿಡಿದು ನಿಲ್ಲಿಸಬೇಕು. ಇನ್ನು ಜಿನೇಶ್ವರನ ಮುಂದೆ ನಿಂತಾಗ ಹರಕೆಯ ವ್ಯಾಪಾರವನ್ನು ಹೊರಗಿಟ್ಟು, ಅಳು ಬಂದರೆ ಅತ್ತು, ತನ್ನ ದೋಷಗಳನ್ನು ನೆನೆದು, ದೋಷವನ್ನು ಗೆದ್ದ ಆ ಶಾಂತಮುದ್ರೆಯನ್ನು ಕಣ್ತುಂಬ ನೋಡಬೇಕು. ಆತನು ಗೆದ್ದನೆಂಬುದು ನಿಶ್ಚಯವಾದರೆ, ಅದೇ ಚೈತನ್ಯವುಳ್ಳ ನಾನೂ ಗೆಲ್ಲಬಲ್ಲೆನೆಂಬುದು ನಿಶ್ಚಯವಾಗುತ್ತದೆ. ಜೈನರ ಪ್ರಾರ್ಥನೆಯಲ್ಲಿರುವ ಭರವಸೆಯು ಈ ನಿಶ್ಚಯವೇ ಹೊರತು ಮತ್ತೊಂದಲ್ಲ.

ಇಂದು ಪಂಚಕಲ್ಯಾಣ ವಿಧಿಯಿಂದ ಪ್ರತಿಷ್ಠಿತವಾಗುವ ಬಿಂಬವು ನಮ್ಮಿಂದ ಏನನ್ನೂ ಬೇಡುವುದಿಲ್ಲ, ನಮಗೆ ಏನನ್ನೂ ವಾಗ್ದಾನ ಮಾಡುವುದಿಲ್ಲ. ಆದರೆ ಅದರೆದುರಿಗೆ ಸುಳ್ಳಾಡುವ ಅಗತ್ಯ ಯಾರಿಗೂ ಬಾರದು. ನೊಂದವನಿಗೆ ಅಂತಹ ಒಂದು ಸನ್ನಿಧಿ ಊರಿನಲ್ಲಿ ಇರುವುದೇ ದೊಡ್ಡ ಆಸರೆ. ಅಲ್ಲಿ ಮೊದಲಿನಿಂದ ಕೊನೆಯವರೆಗೆ, ಇಪ್ಪತ್ತನಾಲ್ವರನ್ನೂ ನೆನೆದು ಸ್ತುತಿಯನ್ನು ಪೂರೈಸುವ ತಾಳ್ಮೆಯು ಸ್ವಾಮಿ ಸಮಂತಭದ್ರರ ಸ್ಮರಣೆಯಿಂದ ನಮ್ಮೆಲ್ಲರಲ್ಲಿ ಮೂಡಲಿ. ಶುಭಂ ಭೂಯಾತ್.